ಚುಕ್ಕಿ ಮನೆಯವರದು, ಎಳೆ ನಮ್ಮದು

(ಡಿಸೆಂಬರಿನ ಒಂದು ಸಂಜೆ ಕಾರವಾರದಲ್ಲಿ ಹವ್ಯಾಸಿ ಫೋಟೊಗ್ರಾಫರುಗಳ ಮುಂದೆ, ಹಬ್ಬದ ದೀಪಗಳಿಂದ ಫೋಟೊದಲ್ಲಿ ಗೆರೆ ಎಳೆಯುವುದರ ಬಗ್ಗೆ ಆಡಿದ ಮಾತು. ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಕಾಜುಬಾಗ ಕಡೆಯಿಂದ ನಡೆದೇ ಬಂದೆ. ಸ್ಕೂಟರ್ ಇತ್ತು, ಬೇಕಂತಲೇ ತರಲಿಲ್ಲ. ಒಂದು ಮನೆಯಲ್ಲಿ ದೀಪಾವಳಿಗೆ ಏರಿಸಿದ ಆಕಾಶಬುಟ್ಟಿ ಇನ್ನೂ ಇಳಿದಿಲ್ಲ. ಬಾಲದ ಕಾಗದ ಗಾಳಿಗೆ ಹರಿದು ಎರಡೇ ಪಟ್ಟಿ ಉಳಿದಿವೆ. ಪಕ್ಕದ ಮನೆಯಲ್ಲಿ ಕ್ರಿಸ್‌ಮಸ್ ನಕ್ಷತ್ರ ಆಗಲೇ ಏರಿದೆ. ಕಾಂಪೌಂಡಿನ ಮೂಲೆಯಲ್ಲಿ ಹುಡುಗರು ಗೋದಲಿಗೆ ಹುಲ್ಲು ಹೊದಿಸುತ್ತಿದ್ದರು. ಒಂದೇ ಸೀರಿಯಲ್ ಸೆಟ್ ಎರಡೂ ಮನೆಯ ನಡುವಿನ ಗೋಡೆ ಹತ್ತಿ ಆಚೆ ಇಳಿದಿತ್ತು. ಯಾರ ಮನೆಯ ಕರೆಂಟು ಅಂತ ನಾನು ಕೇಳಲಿಲ್ಲ.

ಕಾರವಾರದಲ್ಲಿ ದೀಪಾವಳಿಯಿಂದ ಹೊಸ ವರ್ಷದವರೆಗೆ ಹೀಗೇ. ಒಂದು ಹಬ್ಬದ ದೀಪ ಇಳಿಸುವಷ್ಟರಲ್ಲಿ ಇನ್ನೊಂದರದು ಏರುತ್ತದೆ. ನಡುವೆ ತುಳಸಿ ಮದುವೆ, ಕಾರ್ತಿಕದ ದೀಪೋತ್ಸವ. ಇಷ್ಟು ಬೆಳಕು ಬೀದಿಯಲ್ಲಿ ಪುಕ್ಕಟೆ ಸಿಗುವಾಗ ಎಲ್ಲರೂ ಫೋಟೊ ತೆಗೆಯುತ್ತಾರೆ. ನಾನೂ ತೆಗೆಯುತ್ತಿದ್ದೆ. ಬರುತ್ತಿದ್ದದ್ದು ಏನು? ಕಪ್ಪು ಹಾಳೆ ಮೇಲೆ ಚುಕ್ಕಿ ಚುಕ್ಕಿ. ಮನೆ ಇಲ್ಲ, ಮರ ಇಲ್ಲ. ಹತ್ತು ಫೋಟೊ ಪಕ್ಕಪಕ್ಕ ಇಟ್ಟರೆ ಯಾವುದು ಯಾರ ಮನೆ ಅಂತ ಮನೆಯವರಿಗೇ ಗೊತ್ತಾಗದು. ರಂಗೋಲಿಗೆ ಚುಕ್ಕಿ ಇಟ್ಟು, ಹಾಲು ಉಕ್ಕಿತು ಅಂತ ಯಾರೋ ಒಳಗೆ ಎದ್ದು ಹೋದ ಹಾಗೆ. ಎಳೆ ಹಾಕುವುದು ಬಾಕಿ.

ಇವತ್ತು ಆ ಎಳೆಯ ಬಗ್ಗೆ ಮಾತಾಡುತ್ತೇನೆ. ಇದಕ್ಕೆ ಲೈಟ್ ಪೇಂಟಿಂಗ್ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ, ಈ ಕೆಲಸವನ್ನು ನೀವೆಲ್ಲ ಐದನೇ ವಯಸ್ಸಿನಲ್ಲೇ ಮಾಡಿದ್ದೀರಿ. ಸುರುಸುರುಬತ್ತಿ ಹಚ್ಚಿಕೊಂಡು ಗಾಳಿಯಲ್ಲಿ ಹೆಸರು ಬರೆದಿಲ್ವಾ? ಕೊನೆ ಅಕ್ಷರ ಬರೆಯುವಷ್ಟರಲ್ಲಿ ಮೊದಲ ಅಕ್ಷರ ಅಳಿಸಿ ಹೋಗುತ್ತಿತ್ತು, ಅಷ್ಟೇ. ಶಟರ್, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲು, ತೆರೆದಿಟ್ಟ ಕ್ಯಾಮೆರಾಗೆ ಅದು ಅಳಿಸುವುದಿಲ್ಲ.

ಕೆಲಸ ಹೊಸದೇನಲ್ಲ. 1889ರಲ್ಲಿ ಪ್ಯಾರಿಸ್‌ನಲ್ಲಿ ಮಾರೇ ಮತ್ತು ದೆಮೆನಿ ಎಂಬಿಬ್ಬರು ಒಬ್ಬ ಮನುಷ್ಯನ ಕೀಲುಗಳಿಗೆ ಸಣ್ಣ ದೀಪ ಕಟ್ಟಿ, ಕತ್ತಲಲ್ಲಿ ನಡೆಸಿ, ಆ ನಡಿಗೆಯ ಗೆರೆಗಳನ್ನು ಹಿಡಿದರು. ಅವರಿಗೆ ಬೇಕಾಗಿದ್ದದ್ದು ನಡಿಗೆ, ಚಿತ್ರವಲ್ಲ. 1949ರಲ್ಲಿ ಗ್ಯೋನ್ ಮಿಲಿ ಎಂಬ ಫೋಟೊಗ್ರಾಫರ್ ಪಿಕಾಸೊ ಕೈಗೆ ಒಂದು ಪುಟ್ಟ ಬಲ್ಬ್ ಕೊಟ್ಟು ಕತ್ತಲೆ ಕೋಣೆಯಲ್ಲಿ ಗಾಳಿ ಮೇಲೆ ಚಿತ್ರ ಬರೆಸಿದ. ಆ ಚಿತ್ರಗಳನ್ನು ನೀವು ಎಲ್ಲೋ ನೋಡಿರುತ್ತೀರಿ. ನನಗೆ ಜಾಸ್ತಿ ಇಷ್ಟ ಈ ಎರಡರ ನಡುವಿನ ಕಾಲದಲ್ಲಿ ಬಂದ ಗಿಲ್‌ಬ್ರೆತ್ ದಂಪತಿ. ಅವರ ಕಥೆ ಆಮೇಲೆ ಬರುತ್ತದೆ, ನಮ್ಮ ಸೀರಿಯಲ್ ಸೆಟ್ಟಿಗೂ ಅವರಿಗೂ ನಂಟಿದೆ.

ಮೊದಲು ಒಂದು ಗುಟ್ಟು. ಇದು ತಲೆಗೆ ಹೋದರೆ ಅರ್ಧ ಕೆಲಸ ಮುಗಿದಂತೆ.

ನಿಂತ ವಸ್ತುವಿನ ಬೆಳಕು ಕ್ಯಾಮೆರಾ ಒಳಗೆ ಬೆಳಕು ಹಿಡಿಯುವ ಸೆನ್ಸರಿನ ಒಂದೇ ಜಾಗದ ಮೇಲೆ ಸುರಿಯುತ್ತಾ ಇರುತ್ತದೆ. ನಲ್ಲಿ ಕೆಳಗೆ ಕೊಡಪಾನ ಇಟ್ಟ ಹಾಗೆ, ಹೊತ್ತು ಹೋದಷ್ಟೂ ತುಂಬುತ್ತದೆ. ಓಡುವ ಬೆಳಕು ಹಾಗಲ್ಲ. ಒಂದು ಜಾಗಕ್ಕೆ ಒಂದು ಹನಿ ಬಿದ್ದಿತೋ ಇಲ್ಲವೋ, ಅದು ಮುಂದೆ ಹೋಗಿಯಾಯಿತು. ಹಾಗಾಗಿ ಶಟರ್ ನಾಲ್ಕು ಸೆಕೆಂಡ್ ತೆರೆದಿಟ್ಟರೂ ಅಷ್ಟೇ, ನಲವತ್ತು ಸೆಕೆಂಡ್ ತೆರೆದಿಟ್ಟರೂ ಅಷ್ಟೇ, ಗೆರೆಯ ಹೊಳಪು ಹೆಚ್ಚುವುದಿಲ್ಲ. ಗೆರೆ ಉದ್ದವಾಗುತ್ತದೆ. ಬಲ್ಬು ಅದೇ ಆದರೆ, ಗೆರೆಯ ಹೊಳಪು ನಿಂತಿರುವುದು ಅಪರ್ಚರ್ (ಲೆನ್ಸಿನ ಕಂಡಿ ಎಷ್ಟು ತೆರೆದಿದೆ), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು) ಮತ್ತು ನಿಮ್ಮ ಕೈಯ ವೇಗದ ಮೇಲೆ. ಗೋಡೆ, ತೆಂಗಿನ ಮರ, ಆಕಾಶ ಕಾಣಬೇಕಾದರೆ ಮಾತ್ರ ಸೆಕೆಂಡುಗಳ ಲೆಕ್ಕ ಬೇಕು.

ಅಂದರೆ ಎರಡು ಬೇರೆ ಬೇರೆ ನಲ್ಲಿ ನಿಮ್ಮ ಕೈಯಲ್ಲಿದೆ. ಐಎಸ್‌ಒ 100, ಅಪರ್ಚರ್ ಎಫ್ 11, ಸಮಯ 4 ಸೆಕೆಂಡ್. ಇಲ್ಲಿಂದ ಶುರು ಮಾಡಿ. ಮನೆ ಕಪ್ಪಾಗಿ ಬಂದರೆ ಸೆಕೆಂಡ್ ಏರಿಸಿ. ಗೆರೆ ಬಣ್ಣ ಕಳೆದುಕೊಂಡು ಬೆಳ್ಳಗಾದರೆ ಕಂಡಿ ಕಿರಿದು ಮಾಡಿ ಎಫ್ 16ಕ್ಕೆ ಹೋಗಿ, ಇಲ್ಲವೇ ಕೈ ಬೇಗ ಓಡಿಸಿ. ನೀಲಿ ಬಲ್ಬಿದ್ದರೆ ಸ್ವಲ್ಪ ಹುಷಾರು. ಉಳಿದ ಬಣ್ಣ ಸರಿಯಿರುವಾಗಲೇ ನೀಲಿ ಉಕ್ಕಿ ಹೋಗಿರುತ್ತದೆ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದು ಸುಲಭಕ್ಕೆ ಗೊತ್ತಾಗುವುದಿಲ್ಲ. ಹಿಸ್ಟೋಗ್ರಾಮಿನಲ್ಲಿ, ಅಂದರೆ ಫೋಟೊದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ, ಕೆಂಪು, ಹಸಿರು, ನೀಲಿ ಮೂರೂ ಬಣ್ಣ ಬೇರೆ ಬೇರೆ ನೋಡಿ. (ಈ ನೀಲಿ ಎಲ್‌ಇಡಿ ಮಾಡಿದ್ದಕ್ಕೇ 2014ರಲ್ಲಿ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅದು ಇಲ್ಲದಿದ್ದರೆ ಇವತ್ತಿನ ಬಿಳಿ ಸೀರಿಯಲ್ ಸೆಟ್ಟೂ ಇರುತ್ತಿರಲಿಲ್ಲ.)

ಹೊತ್ತು ಯಾವುದು? ಪೂರ್ತಿ ಕತ್ತಲಾಗಲಿ ಅಂತ ಕಾಯುವುದು ಎಲ್ಲರೂ ಮಾಡುವ ತಪ್ಪು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು. ಅಲ್ಲಿಂದ ಆರೂವರೆವರೆಗೆ ಆಕಾಶ ನೀಲಿಯಿರುತ್ತದೆ, ಹಂಚಿನ ಮಾಡಿನ ಅಂಚು ಬಿಡಿಸಿ ಕಾಣುತ್ತದೆ. ಆ ಅರ್ಧ ಗಂಟೆಯಲ್ಲಿ ಮನೆಯವರು ಸ್ವಿಚ್ ಹಾಕಿರಬೇಕಲ್ಲ? ಹಾಕಿರುವುದಿಲ್ಲ. ಏಳಕ್ಕೆ ಹಾಕುತ್ತಾರೆ. ಹೋಗಿ ಕೇಳಬೇಕು. ಕೇಳಿದರೆ ಹಾಕುತ್ತಾರೆ, ಚಹಾವನ್ನೂ ಕೊಡುತ್ತಾರೆ. ಇದರ ಬಗ್ಗೆ ಇನ್ನೂ ಹೇಳುವುದಿದೆ.

ಈಗ ಎಳೆಯುವ ಕ್ರಮ. ನಾನು ಮಾಡುವುದು ಹೀಗೆ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಮನೆಯ ಕ್ರಿಸ್‌ಮಸ್ ನಕ್ಷತ್ರದ ಮೇಲೆ ಫೋಕಸ್ ಮಾಡಿ, ಆಮೇಲೆ ಆಟೊ ಫೋಕಸ್ ಬಂದ್ ಮಾಡುತ್ತೇನೆ. ಸಮಯ 8 ಸೆಕೆಂಡ್. ಮೊದಲ ಐದು ಸೆಕೆಂಡ್ ಏನೂ ಮಾಡುವುದಿಲ್ಲ, ಮನೆ ಚೊಕ್ಕವಾಗಿ ಕೂರಲಿ. ಆಮೇಲೆ ಲೆನ್ಸಿಗೆ ಕಪ್ಪು ರಟ್ಟು ಅಡ್ಡ ಹಿಡಿಯುತ್ತೇನೆ. ಮುಟ್ಟಿಸುವುದಿಲ್ಲ. ರಟ್ಟಿನ ಹಿಂದೆ ಟ್ರೈಪಾಡಿನ ತಲೆ ಸಡಿಲಿಸುತ್ತೇನೆ. ರಟ್ಟು ತೆಗೆದು ಉಳಿದ ಹೊತ್ತಿನಲ್ಲಿ ಕ್ಯಾಮೆರಾವನ್ನು ಮೇಲಕ್ಕೋ ಪಕ್ಕಕ್ಕೋ ಎಳೆಯುತ್ತೇನೆ. ಮನೆ ಅಲುಗಾಡದೆ ನಿಂತಿರುತ್ತದೆ, ಒಂದೊಂದು ಬಲ್ಬಿನಿಂದಲೂ ಒಂದೊಂದು ದಾರ ಹೊರಟಿರುತ್ತದೆ. ಎಲ್ಲ ದಾರವೂ ಒಂದೇ ಆಕಾರ, ಯಾಕೆಂದರೆ ಎಳೆದ ಕೈ ಒಂದೇ.

ಎಳೆಯುವ ಬದಲು ಝೂಮ್ ತಿರುಗಿಸಿದರೆ ಗೆರೆಗಳು ನಡುವಿನಿಂದ ಚಿಮ್ಮುತ್ತವೆ. ಚೆನ್ನಾಗಿದೆ, ಆದರೆ ಮೂರನೇ ಸಲಕ್ಕೆ ಸಾಕಾಗುತ್ತದೆ. ನನಗೆ ಹೆಚ್ಚು ಇಷ್ಟ ಫೋಕಸ್ ರಿಂಗ್ ತಿರುಗಿಸುವುದು. ಕೊನೆಯ ಎರಡು ಸೆಕೆಂಡಿನಲ್ಲಿ ಮೆಲ್ಲಗೆ ಫೋಕಸ್ ತಪ್ಪಿಸಿ. ಪ್ರತಿ ಚುಕ್ಕಿಯ ಸುತ್ತ ಒಂದು ಮಂಜು ಗುಳ್ಳೆ ಊದಿಕೊಳ್ಳುತ್ತದೆ. ಶಿರಸಿ ಕಡೆ ಇಬ್ಬನಿ ಬೀಳುವ ರಾತ್ರಿ ಅಂಗಳದ ಬಲ್ಬು ಕಾಣುವುದು ಹಾಗೇ.

ಇನ್ನು ಗೆರೆ ತುಂಡಾದ ಕಥೆ.

ಕೆಲವು ವರ್ಷದ ಹಿಂದೆ ಕೋಡಿಬಾಗದಲ್ಲಿ ಒಬ್ಬ ಗೆಳೆಯನ ಮನೆ ಮುಂದೆ ಹೀಗೇ ಎಳೆದೆ. ಶಟರ್ ಅರ್ಧ ಸೆಕೆಂಡ್. ಗೆರೆ ಬಂತು, ಆದರೆ ಇಡೀ ಗೆರೆ ಅಲ್ಲ. ತುಂಡು ತುಂಡು. ಹೊಲಿಗೆ ಹಾಕಿದ ಹಾಗೆ. ಕ್ಯಾಮೆರಾ ಕೆಟ್ಟಿತು ಅಂದುಕೊಂಡೆ. ಇನ್ನೊಂದು ತೆಗೆದೆ, ಹಾಗೇ ಬಂತು. ಬಾಗಿಲ ಮೇಲೆ ಹಳೆಯ ಫಿಲಮೆಂಟ್ ಬಲ್ಬಿನದು ಒಂದು ಮಾಲೆ ಇತ್ತು, ಅದರ ಗೆರೆ ಮಾತ್ರ ಒಂದೂ ಕಡಿಯದೆ ಬಂದಿತ್ತು. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತುಂಡುಗಳನ್ನು ಎಣಿಸಿದೆ. ಬೇರೆ ಕೆಲಸ ಇರಲಿಲ್ಲ. ಒಂದು ಸೆಟ್ಟಿನ ಗೆರೆಯಲ್ಲಿ ಇಪ್ಪತ್ತೈದು. ಇನ್ನೊಂದರಲ್ಲಿ ಐವತ್ತು.

ಇಲ್ಲಿ ಯಾರಾದರೂ ಎಲೆಕ್ಟ್ರಿಷಿಯನ್ ಇದ್ದರೆ ಇಷ್ಟರಲ್ಲೇ ನಗುತ್ತಿರಬೇಕು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಬೆಳಗುವ ವಸ್ತು. ಅಗ್ಗದ ಸೆಟ್ಟಿನಲ್ಲಿ ಕರೆಂಟಿನ ಒಂದು ಅರ್ಧ ಮಾತ್ರ ಒಳಗೆ ಬರುತ್ತದೆ, ಹಾಗಾಗಿ ಸೆಕೆಂಡಿಗೆ 50 ಮಿಣುಕು. ಎರಡೂ ಅರ್ಧವನ್ನು ಒಂದೇ ದಿಕ್ಕಿಗೆ ತಿರುಗಿಸುವ ಸೆಟ್ಟಿನಲ್ಲಿ 100. ಫಿಲಮೆಂಟ್ ತಂತಿ ಅಷ್ಟು ಬೇಗ ತಣಿಯುವುದಿಲ್ಲ, ಅದಕ್ಕೇ ಅದರ ಗೆರೆ ಕಡಿಯುವುದಿಲ್ಲ. ಬ್ಯಾಟರಿ ಸೆಟ್ಟುಗಳೂ ಬಹಳಷ್ಟು ಹಾಗೇ, ಇಡೀ ಗೆರೆ ಕೊಡುತ್ತವೆ. ಕಣ್ಣಿಗೆ ಎಲ್ಲವೂ ಒಂದೇ. ಕೈ ಓಡಿಸಿದಾಗಲೇ ಬಣ್ಣ ಬಯಲಾಗುವುದು.

ಆಗ ನನಗೆ ಗಿಲ್‌ಬ್ರೆತ್ ದಂಪತಿ ನೆನಪಾದರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಕೆಲಸಗಾರರ ಕೈ ಎಲ್ಲಿ ಸುಮ್ಮನೆ ಅಲೆಯುತ್ತದೆ ಅಂತ ಅವರು ಹುಡುಕುತ್ತಿದ್ದರು. ಬೆರಳಿಗೆ ಪುಟ್ಟ ಬಲ್ಬ್ ಕಟ್ಟಿ, ಶಟರ್ ತೆರೆದಿಟ್ಟು ಕೆಲಸ ಮಾಡಿಸಿದರು. ಗೆರೆ ಬಂತು. ಆದರೆ ಗೆರೆ ನೋಡಿದರೆ ಕೈ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ, ಎಷ್ಟು ಬೇಗ ಹೋಯಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಬಲ್ಬನ್ನೇ ಬಿಟ್ಟು ಬಿಟ್ಟು ಉರಿಸಿದರು. ಗೆರೆ ಚುಕ್ಕಿಗಳಾಯಿತು. ಚುಕ್ಕಿ ಒತ್ತೊತ್ತಾಗಿದ್ದರೆ ಕೈ ನಿಧಾನ, ದೂರ ದೂರ ಇದ್ದರೆ ಕೈ ಚುರುಕು. ಅವರು ಅಷ್ಟು ಕಷ್ಟಪಟ್ಟು ಮಾಡಿಕೊಂಡದ್ದು ನಮ್ಮ ಮಾರ್ಕೆಟಿನಲ್ಲಿ ನೂರೈವತ್ತು ರೂಪಾಯಿಗೆ, ಡಬ್ಬಿ ಸಮೇತ ಸಿಗುತ್ತದೆ.

ನನ್ನ ಫೋಟೊ ಮತ್ತೆ ತೆಗೆದು ನೋಡಿದೆ. ಬಳಸಿ ತಿರುಗುವ ಜಾಗದಲ್ಲೆಲ್ಲ ಚುಕ್ಕಿಗಳು ಗುಂಪು ಕಟ್ಟಿದ್ದವು, ನೇರ ಬಂದಲ್ಲಿ ಚದುರಿದ್ದವು. ಕೈ ಮೂಲೆಯಲ್ಲಿ ತಡವರಿಸಿದೆ. ನೆಟ್ಟಗಿನ ದಾರಿ ಸಿಕ್ಕಿದ ಕೂಡಲೇ ಓಡಿದೆ. ಲೈಸೆನ್ಸ್ ಹೊಸದಾಗಿ ಸಿಕ್ಕ ಹುಡುಗ ಘಟ್ಟ ಇಳಿಸಿದ ಹಾಗೆ.

ಮುಂದಿನ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಲ್ಲಿ ಅದು ದೀಪಾವಳಿ ಅಲ್ಲ, ದೊಡ್ಡ ಹಬ್ಬ. ಹಬ್ಬದ ಮಾರನೇ ಸಂಜೆ ಅಂಗಳದ ಚಪ್ಪರಕ್ಕೆ ಕಟ್ಟಿದ ಹಳದಿ ಸೆಟ್ಟಿನ ಮುಂದೆ ನಾನು ಕ್ಯಾಮೆರಾ ಹಿಡಿದು ಆಡುತ್ತಿದ್ದೆ. ದೊಡ್ಡಾಯಿ ಜಗುಲಿ ಮೇಲೆ ಕೂತು ಕವಳ ಹಾಕುತ್ತಾ ನೋಡುತ್ತಿದ್ದಳು. ಅವಳಿಗೆ ಎಪ್ಪತ್ತು ದಾಟಿದೆ. "ಎಂತ ಮಾಡ್ತಿದ್ದೆ ತಮಾ?" ಅಂದಳು. ಪರದೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ರಂಗೋಲಿ ಎಳದಾಂಗೇ ಇದ್ದಲೋ" ಅಂದಳು. ಹಾಗಾದರೆ ನೀನೇ ಎಳೆ ಅಂತ ಕ್ಯಾಮೆರಾ ಅವಳ ಕೈಗೇ ಕೊಟ್ಟೆ.

ಬೇಡ, ಬೀಳಿಸಿಬಿಡ್ತೆ ಅಂದಳು. ಪಟ್ಟಿ ಕುತ್ತಿಗೆಗೆ ಹಾಕಿದೆ. ಎಲ್ಲಿಂದ ಎಲ್ಲಿಗೆ ಅಂತ ಕೇಳಿದಳು. ನಿನಗೆ ಬೇಕಾದ್ದು ಎಳೆ ಅಂದೆ. ಅವಳು ಒಂದು ಕ್ಷಣ ಚಪ್ಪರ ನೋಡಿದಳು. ನೋಡಿದ್ದು ಬಲ್ಬುಗಳನ್ನಲ್ಲ, ಬಲ್ಬುಗಳ ನಡುವಿನ ಜಾಗವನ್ನು ಅಂತ ನನಗೆ ಅನ್ನಿಸಿತು. ನಾನು ಗುಂಡಿ ಒತ್ತಿದೆ. ಅವಳ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು, ಓಡಿದ್ದು ಮುಂಗೈ ಮಾತ್ರ. ಒಂದು ಸುತ್ತು, ಮೇಲೆ ಹೋಗಿ ಬಳಸಿ, ಹೊರಟಲ್ಲಿಗೇ ಬಂದು ಮುಟ್ಟಿತು. ಎರಡು ಸೆಕೆಂಡ್.

ದೊಡ್ಡದು ಮಾಡಿ ನೋಡಿದೆ. ಪ್ರತಿ ಬಲ್ಬಿನ ಮೇಲೂ ಒಂದೊಂದು ಎಲೆ ಆಕಾರ. ಬಳಸಿನಲ್ಲೂ ನೇರದಲ್ಲೂ ಚುಕ್ಕಿಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ. ಅರವತ್ತು ವರ್ಷ ದಿನಾ ಬೆಳಿಗ್ಗೆ ಎರಡು ಬೆರಳ ಸಂದಿಯಿಂದ ರಂಗೋಲಿ ಪುಡಿ ಬಿಟ್ಟ ಕೈ ಅದು. ಬೇಗ ಹೋದರೆ ಎಳೆ ಸಪೂರಾಗುತ್ತದೆ, ನಿಧಾನವಾದರೆ ದಪ್ಪವಾಗುತ್ತದೆ. ನಾನು ಐದು ನಿಮಿಷ ವಿವರಿಸಿದ ಗುಟ್ಟು ಅದೇ ಅಲ್ವಾ? ಅವಳಿಗೆ ಅದು ಐಎಸ್‌ಒ ಗೊತ್ತಿಲ್ಲದೆಯೇ ಗೊತ್ತಿತ್ತು. ಅದೇ ಸೀಮೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಣ್ಣದಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುವ ದೀವರ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅವರ ಕೈಗೆ ಕ್ಯಾಮೆರಾ ಕೊಟ್ಟರೆ ನಾವೆಲ್ಲ ಅಂಗಡಿ ಮುಚ್ಚಬೇಕಾಗುತ್ತದೆ. ಇಲ್ಲಿ ಕ್ಯಾಮೆರಾ ಎಷ್ಟು ಸಾವಿರದ್ದು ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಮನೆಯಲ್ಲಿ ಚೆನ್ನಾಗಿ ರಂಗೋಲಿ ಹಾಕುವವರು ಯಾರಿದ್ದಾರೆ ನೋಡಿ. ಗುಂಡಿ ನೀವು ಒತ್ತಿ, ಕೈ ಅವರದಾಗಲಿ.

ಶಿರಸಿ ಮಾರಿಕಾಂಬೆ ಜಾತ್ರೆಯ ತೊಟ್ಟಿಲಿನ ಫೋಟೊ ತೋರಿಸಿ ಅಂತ ಯಾರೋ ಚೀಟಿ ಕಳಿಸಿದ್ದಾರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತೊಟ್ಟಿಲ ತುಂಬ ಬಣ್ಣದ ಟ್ಯೂಬು. ಟ್ರೈಪಾಡ್ ಇಟ್ಟು ಎರಡು ಸೆಕೆಂಡ್ ಬಿಟ್ಟರೆ ದೊಡ್ಡ ಬಣ್ಣದ ಚಕ್ರ ಬರುತ್ತದೆ. ನನ್ನ ಹತ್ತಿರವೂ ಇದೆ. ಆದರೆ ಅಲ್ಲಿ ಎಳೆ ಹಾಕುವುದು ಮೋಟರ್. ಎಲ್ಲರ ಫೋಟೊವೂ ಒಂದೇ ಥರ.

ಬರೆಯುವುದರ ಬಗ್ಗೆ ಒಂದು ಮಾತು. ಮನೆಯ ದೀಪದ ಮುಂದೆ ನಿಂತು ಟಾರ್ಚಿನಿಂದಲೋ ಸುರುಸುರುಬತ್ತಿಯಿಂದಲೋ ಅಕ್ಷರ ಬರೆದರೆ ಚಂದ ಬರುತ್ತದೆ. ಕ್ಯಾಮೆರಾ ಕಡೆ ಮುಖ ಮಾಡಿ ಬರೆದರೆ ಅಕ್ಷರ ತಿರುಗುಮುರುಗಾಗುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ತಿರುಗಿಸಿ. ತಿರುಗಿಸಿದರೆ ಹಿಂದಿನ ಮನೆಯೂ ಎಡಬಲವಾಗುತ್ತದೆ, ಮನೆಯವರು ಗುರುತು ಹಿಡಿದು ಬೈಯುತ್ತಾರೆ. ಕನ್ನಡ ಅಕ್ಷರ ದುಂಡಗೆ, ಕೈಗೆ ಹಿತ. ಕಷ್ಟ ಇರುವುದು ಒತ್ತಿನಲ್ಲಿ. ಕೈ ಎತ್ತಿ ಕೆಳಗೆ ಬರುವಾಗ ದೀಪವನ್ನು ಅಂಗೈಯಿಂದ ಮುಚ್ಚಬೇಕು, ಇಲ್ಲದಿದ್ದರೆ ಅಕ್ಷರಕ್ಕೆ ಬಾಲ ಬೆಳೆಯುತ್ತದೆ. ಸುರುಸುರುಬತ್ತಿಯನ್ನಂತೂ ಮುಚ್ಚುವ ಹಾಗೇ ಇಲ್ಲ. ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಅರ್ಧ ಅದೃಷ್ಟ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಮುಂಡಗೋಡ. ಒಂದಕ್ಕೂ ಒತ್ತಿಲ್ಲ. ಹೊನ್ನಾವರ, ಯಲ್ಲಾಪುರ, ಸಿದ್ದಾಪುರ, ಭಟ್ಕಳದವರು ಸ್ವಲ್ಪ ಅಭ್ಯಾಸ ಮಾಡಬೇಕು. ಗೋಕರ್ಣಕ್ಕೆ ಅರ್ಕಾವತ್ತು ಬೇರೆ.

ಉಕ್ಕಿನ ನಾರಿಗೆ ಬೆಂಕಿ ಹಚ್ಚಿ ತಿರುಗಿಸುವವರು ಇದ್ದೀರಿ, ಗೊತ್ತು. ಮನೆಗಳ ನಡುವೆ ಅದನ್ನು ಮಾಡಬೇಡಿ. ಡಿಸೆಂಬರಿನಲ್ಲಿ ಹುಲ್ಲೆಲ್ಲ ಒಣಗಿರುತ್ತದೆ, ಹಿತ್ತಲಲ್ಲಿ ಬಣವೆ ಇರುತ್ತದೆ. ಒಂದು ಫೋಟೊಗೆ ಅಷ್ಟು ಬೆಲೆ ಇಲ್ಲ.

ಈಗ ಮನೆಯವರ ವಿಷಯ. ರಾತ್ರಿ ಹೊತ್ತು ಒಬ್ಬ ಗಂಡಸು ನಿಮ್ಮ ಗೇಟಿನ ಮುಂದೆ ನಿಂತು ಕತ್ತಲಲ್ಲಿ ಕೈ ಬೀಸುತ್ತಿದ್ದರೆ ನಿಮಗೆ ಹೇಗನ್ನಿಸುತ್ತದೆ? ಮೊದಲ ವರ್ಷ ನಾನು ಯಾರನ್ನೂ ಕೇಳುತ್ತಿರಲಿಲ್ಲ. ಬೀದಿಯಿಂದ ಕಾಣುವ ದೀಪ, ಕೇಳುವುದೇನು ಅಂತ. ಒಂದು ರಾತ್ರಿ ಮಾಳಿಗೆ ಮೇಲಿಂದ "ಕೋಣ್ ರೇ ತೊ?" ಅಂತ ಗದರಿದರು. ಜೊತೆಗೆ ನಾಯಿ. ಟ್ರೈಪಾಡ್ ಹೊತ್ತು ಓಡಿದ್ದೇನೆ, ಶಟರ್ ತೆರೆದೇ ಇತ್ತು. ಆ ಫೋಟೊ ಇವತ್ತಿಗೂ ಇಟ್ಟುಕೊಂಡಿದ್ದೇನೆ. ನನ್ನ ಎದೆಬಡಿತದ ಚಿತ್ರ ಅದು, ಬಹಳ ಚುರುಕಾದ ಗೆರೆ. ಮರುದಿನ ಅದೇ ಮನೆಗೆ ಹಗಲಲ್ಲಿ ಹೋಗಿ ಫೋಟೊ ತೋರಿಸಿದೆ. ಬಾಯಿ ತುಂಬ ನಕ್ಕರು. ಈಗ ಅವರ ಮನೆಯಲ್ಲಿ ನಕ್ಷತ್ರ ಏರಿಸುವ ದಿನ ನನಗೆ ಫೋನ್ ಬರುತ್ತದೆ. ಎಲ್ಲಿ ಕಟ್ಟಿದರೆ ನಿನಗೆ ಅನುಕೂಲ ಅಂತ ಕೇಳುತ್ತಾರೆ!

ಇನ್ನೊಂದು ಕಡೆ ಮಾತ್ರ ಕೇಳುವ ಪ್ರಶ್ನೆಯೇ ಇಲ್ಲ. ಅರ್ಗಾ ಕಡೆ ನೌಕಾನೆಲೆ ಇದೆ. ಅಲ್ಲಿನ ದೀಪ ಎಷ್ಟೇ ಚಂದ ಕಂಡರೂ ಆ ದಿಕ್ಕಿಗೆ ಟ್ರೈಪಾಡ್ ನಿಲ್ಲಿಸಬೇಡಿ.

ಕಡಲ ತೀರದ ಕಷ್ಟ ನಿಮಗೆ ಗೊತ್ತಿರುವುದೇ. ಎಸಿ ಕೋಣೆಯಿಂದ ಕ್ಯಾಮೆರಾ ಹೊರಗೆ ತಂದ ಕೂಡಲೇ ಲೆನ್ಸ್ ಬೆವರುತ್ತದೆ. ಚೀಲದಲ್ಲೇ ಅರ್ಧ ಗಂಟೆ ಹೊರಗಿಡಿ. ಟ್ಯಾಗೋರ್ ಬೀಚಿನ ಮರಳಲ್ಲಿ ಟ್ರೈಪಾಡ್ ಮೆಲ್ಲಗೆ ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಫೋಟೊದಲ್ಲಿ ಕಾಣುತ್ತದೆ. ಕಾಲಿನ ಕೆಳಗೆ ಚಪ್ಪಟೆ ಕಲ್ಲಿಡಿ. ಮನೆಗೆ ಬಂದ ಮೇಲೆ ಟ್ರೈಪಾಡಿನ ಕಾಲನ್ನು ಸಿಹಿನೀರಲ್ಲಿ ಒರೆಸಿ, ಇಲ್ಲದಿದ್ದರೆ ಮುಂದಿನ ಹಬ್ಬಕ್ಕೆ ಅದು ಬಿಚ್ಚುವುದಿಲ್ಲ.

ಕೋಡಿಬಾಗದ ಕಾಳಿ ದಂಡೆಯಿಂದ ತೆಗೆದ ಒಂದು ಫೋಟೊ ಆಗ ತೋರಿಸಿದೆನಲ್ಲ, ಅದರಲ್ಲಿ ನೀರಿನ ಮೇಲೆ ಅಕ್ಕಪಕ್ಕ ಎರಡು ಗೆರೆ ಇವೆ. ಒಂದು ಹೊಸ ಸೇತುವೆ ಮೇಲಿನ ಗಾಡಿಗಳದು, ಒಂದು ಹಳೆಯದರ ಮೇಲಿನವು. 2024ರ ಆಗಸ್ಟ್‌ನಲ್ಲಿ ಹಳೆಯದು ಕುಸಿಯಿತು. ಆ ವರ್ಷದ ಕ್ರಿಸ್‌ಮಸ್‌ಗೆ ಅದೇ ಜಾಗದಲ್ಲಿ ನಿಂತು, ಅದೇ 20 ಸೆಕೆಂಡಿಗೆ ತೆಗೆದೆ. ಒಂದೇ ಗೆರೆ ಬಂತು. ಎರಡು ಫೋಟೊವನ್ನೂ ಒಟ್ಟಿಗೆ ಯಾರಿಗೂ ತೋರಿಸಿರಲಿಲ್ಲ, ಇವತ್ತೇ ಮೊದಲು.

ಮೊಬೈಲಿನಲ್ಲಿ ಆಗುತ್ತದಾ ಅಂತ ಆಗಿನಿಂದ ಕೇಳುತ್ತಿದ್ದೀರಿ. ಆಗುತ್ತದೆ. ಆದರೆ ನೈಟ್ ಮೋಡ್ ಬೇಡ. ಅದು ಸಣ್ಣ ಸಣ್ಣ ಹತ್ತಾರು ಫೋಟೊ ತೆಗೆದು, ಕೈ ಅಲುಗಿದ್ದನ್ನು ಸರಿಮಾಡಿ ಜೋಡಿಸುತ್ತದೆ. ನಾವು ಬೇಕಂತ ಅಲುಗಿಸಿದ್ದನ್ನೇ ಅದು ಅಳಿಸುತ್ತದೆ. ಪ್ರೊ ಮೋಡ್ ಇದ್ದರೆ ಐಎಸ್‌ಒ ಕೆಳಗಿಳಿಸಿ 2 ಸೆಕೆಂಡ್ ಇಡಿ. ಹೆಚ್ಚಿನ ಮೊಬೈಲುಗಳಲ್ಲಿ ಅಪರ್ಚರ್ ಚಿಕ್ಕದು ಮಾಡಲಾಗದು, ಸಂಜೆ ಬೆಳಕಿಗೆ ಎಲ್ಲ ಬೆಳ್ಳಗಾಗುತ್ತದೆ. ಆಗ ಲೆನ್ಸಿನ ಮುಂದೆ ಕೂಲಿಂಗ್ ಗ್ಲಾಸ್ ಹಿಡಿಯಿರಿ. ತಮಾಷೆ ಅಲ್ಲ, ಕೆಲಸ ಮಾಡುತ್ತದೆ. ಐಫೋನಿನಲ್ಲಿ ಲೈವ್ ಫೋಟೊ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಶರ್ ಆರಿಸುವ ದಾರಿಯೂ ಇದೆ, ಗೆರೆ ಸ್ವಲ್ಪ ಗಿಡ್ಡ ಬರುತ್ತದೆ.

ಸಾಕು. ಗಂಟೆ ಎಂಟೂ ಇಪ್ಪತ್ತು. ನೀಲಿ ಆಕಾಶ ಇವತ್ತಿಗೆ ಕೈತಪ್ಪಿತು, ಅದಕ್ಕೆ ನನ್ನ ಮಾತೇ ಕಾರಣ. ಎದುರಿನ ಬೀದಿಯ ಮೂರು ಮನೆಯವರನ್ನು ಬೆಳಿಗ್ಗೆಯೇ ಕೇಳಿಟ್ಟಿದ್ದೇನೆ. ಒಂಬತ್ತೂವರೆವರೆಗೆ ದೀಪ ಆರಿಸುವುದಿಲ್ಲ ಅಂದಿದ್ದಾರೆ. ನಡುವಿನ ಮನೆಯಲ್ಲಿ ಮಗು ಮಲಗಿರುತ್ತದೆ, ಗದ್ದಲ ಬೇಡ. ಕಪ್ಪು ರಟ್ಟು ಇಲ್ಲದವರು ಈ ಮೇಜಿನ ಮೇಲಿನಿಂದ ಒಂದೊಂದು ತೆಗೆದುಕೊಳ್ಳಿ. ಹಿಂದಿನ ಸಾಲಿನಲ್ಲಿ ಅಮ್ಮನನ್ನು ಕರೆದುಕೊಂಡು ಬಂದವರು ಇಬ್ಬರಿದ್ದೀರಿ, ನೀವು ನನ್ನ ಜೊತೆ ಮೊದಲ ಮನೆಗೆ ಬನ್ನಿ. ಕ್ಯಾಮೆರಾ ಅಮ್ಮನ ಕೈಗೆ ಕೊಡಿ.